ದಂತಶಿಲ್ಪಿಯ ವಿಮಾನಯೋಗ

ದಂತಶಿಲ್ಪಿಗೆ ಜನರ ಮೇಲಿದ್ದ ದೂರು ಒಂದೇ. ಅವನ ಮಾದರಿ ವಿಮಾನದ ಬೆಲೆ ಕೇಳುತ್ತಾರೆ, ಕೇಳಿ ಬಾಯಿ ಬಿಡುತ್ತಾರೆ, ಬಿಟ್ಟ ಬಾಯಿ ಮುಚ್ಚುವ ಮೊದಲೇ "ಇಂಜಿನ್ನೇ ಇಲ್ವಾ?" ಅನ್ನುತ್ತಾರೆ. (ಬಿಟ್ಟ ಬಾಯಿಯೊಳಗೆ ಇಣುಕಿ ಎಷ್ಟು ಹಲ್ಲು ಹೋಗಿವೆ ಎಂದು ಎಣಿಸುವುದು ಅವನ ಕಸುಬಿನ ಚಟ, ಹಾಗಾಗಿ ಆ ಕ್ಷಣ ಪೂರ್ತಿ ದಂಡವಾಗುತ್ತಿರಲಿಲ್ಲ.) ಇಂಜಿನ್ನಿಲ್ಲದಿರುವುದೇ ಅದರ ಘನತೆ, ಬೆಟ್ಟದ ಇಳಿಜಾರಿಗೆ ಬಡಿದು ಮೇಲೇಳುವ ಗಾಳಿಯೇ ಅದನ್ನು ಎತ್ತಿ ಹಿಡಿಯುತ್ತದೆ, ನಾವು ಕೆಳಗೆ ನಿಂತು ಕೈಯಲ್ಲಿರುವ ರೇಡಿಯೋ ಪೆಟ್ಟಿಗೆಯ ಕಡ್ಡಿ ಆಡಿಸಿದರೆ ಹೇಳಿದ ಹಾಗೆ ಕೇಳುತ್ತದೆ ಎಂದು ಅವನು ವಿವರಿಸುವಷ್ಟರಲ್ಲಿ ಕೇಳಿದವರು ಗಡಿಯಾರ ನೋಡಿಕೊಂಡಿರುತ್ತಿದ್ದರು. ಆದರೂ ಅವನು ವಿವರಿಸುವುದನ್ನು ಬಿಟ್ಟಿರಲಿಲ್ಲ.

ದಂತಶಿಲ್ಪಿ ಎನ್ನುವುದು ಅವನೇ ತನಗೆ ದಯಪಾಲಿಸಿಕೊಂಡ ಬಿರುದು. ನಾಲ್ಕು ಜನ ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕೆಲಸ. ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ದೀಪ, ದೀಪದಡಿಯಲ್ಲಿ ಯಾರದೋ ಬಾಯಿಯ ಅಚ್ಚು. ಒಂದು ಕೋರೆಹಲ್ಲನ್ನು ಕೂದಲೆಳೆಯಷ್ಟು ಉಜ್ಜಲು ಅವನು ಅರ್ಧ ದಿನ ತೆಗೆದುಕೊಳ್ಳಬಲ್ಲ. ಇಂಥವನಿಗೆ ವಿಮಾನದ ಹುಚ್ಚು ಹಿಡಿದರೆ ಅದು ಥರ್ಮೋಕೋಲಿನ ವಿಮಾನದಲ್ಲಿ ನಿಲ್ಲುವುದಿಲ್ಲ ಎಂದು ಯಾರಾದರೂ ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ಯಾರನ್ನೂ ಅವನು ಕೇಳಲಿಲ್ಲ.

ಹೆಂಡತಿ ಬೇರೆಯೇ ಲೋಕದವಳು. ಊರಾಚೆಯ ವೇಬ್ರಿಡ್ಜಿನಲ್ಲಿ ಲಾರಿ ತೂಗುವುದು ಅವಳ ಕೆಲಸ. ಮರಳು, ಜಲ್ಲಿ, ಕಬ್ಬಿಣ ಹೊತ್ತ ಲಾರಿಗಳು ಬಂದು ನೆಲಮಟ್ಟದ ಉಕ್ಕಿನ ಹಾಸಿನ ಮೇಲೆ ಸರಿಯಾಗಿ ನಿಲ್ಲಬೇಕು. ಒಂದು ಚಕ್ರ ಆಚೆ ಹೋದರೂ ತೂಕ ತಪ್ಪುತ್ತದೆ. ಎದುರಿನ ಗಾಜಿನ ಗೂಡಿನಲ್ಲಿ ಕೂತು, ಮೈಕಿನಲ್ಲಿ ಎಡಕ್ಕೆ ಬಾ, ಬಲಕ್ಕೆ ಬಾ ಎಂದು ದಿನಕ್ಕೆ ಎಂಬತ್ತು ಲಾರಿಗಳನ್ನು ಅವಳು ತಂದು ನಿಲ್ಲಿಸುತ್ತಾಳೆ. ಚಾಲಕರು ಅವಳನ್ನು ಕರೆಯುವುದು ತೂಕದಮ್ಮ ಎಂದು, ಅದೂ ಬೆನ್ನ ಹಿಂದಲ್ಲ, ಎದುರಿಗೇ. ನೀರು ಹೊಯ್ದು ಭಾರ ಮಾಡಿದ ಮರಳನ್ನು ಗಾಜಿನಾಚೆಯಿಂದಲೇ ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಅವಳು ಟನ್ನಿನಲ್ಲಿ ಯೋಚಿಸುವವಳು, ಅವನು ಗ್ರಾಮಿನಲ್ಲಿ. ಹದಿನಾಲ್ಕು ವರ್ಷದ ಸಂಸಾರ ಇವೆರಡರ ನಡುವೆ ಎಲ್ಲೋ ಒಂದು ಕಡೆ ನೆಮ್ಮದಿಯಾಗಿಯೇ ಇತ್ತು.

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಮೂರು ಪಾರ್ಸೆಲ್ಲುಗಳ ರೂಪದಲ್ಲಿ. ದೂರದ ಯಾವುದೋ ಚಳಿದೇಶದಲ್ಲಿ ಒಬ್ಬ ಅಪ್ಪ, ಇಬ್ಬರು ಹೆಣ್ಣುಮಕ್ಕಳು ಸೇರಿ ವರ್ಷಕ್ಕೆ ಹನ್ನೆರಡೇ ವಿಮಾನ ಮಾಡುತ್ತಾರೆ. ಕಾರ್ಬನ್ ನಾರಿನ ಮೈ, ಕನ್ನಡಿಯಂಥ ನುಣುಪು, ತುದಿಯಿಂದ ತುದಿಗೆ ಮೂರೂವರೆ ಮೀಟರ್ ರೆಕ್ಕೆ. ದುಡ್ಡು ಮೊದಲು ಕಟ್ಟಿ ಒಂದೂವರೆ ವರ್ಷ ಕಾಯಬೇಕು. ದಂತಶಿಲ್ಪಿ ಕಟ್ಟಿ, ಕಾಯ್ದು, ಬಾಯಿ ಮುಚ್ಚಿಕೊಂಡಿದ್ದ. ಕಟ್ಟಿದ ದುಡ್ಡಿನಲ್ಲಿ ಹೊಸ ಸೋಫಾಕ್ಕೆಂದು ಇಬ್ಬರೂ ಸೇರಿ ಕೂಡಿಟ್ಟದ್ದೂ ಸೇರಿತ್ತು. ಹಳೆಯ ಸೋಫಾದಲ್ಲಿ ಒಂದು ಸ್ಪ್ರಿಂಗು ಮೇಲೆದ್ದು, ಬಂದವರನ್ನು ಎಡಗಡೆ ಕೂರಬೇಡಿ ಎಂದು ಎಚ್ಚರಿಸಿಯೇ ಸ್ವಾಗತಿಸಬೇಕಾದ ಸ್ಥಿತಿ ಮನೆಯಲ್ಲಿತ್ತು.

ಬೆಲೆಯನ್ನು ಹೇಗೆ ಹೇಳಬೇಕೆಂಬ ವಿದ್ಯೆ ಅವನಿಗೆ ಕಸುಬಿನಿಂದಲೇ ಬಂದಿತ್ತು. ಹಲ್ಲಿನ ಡಾಕ್ಟರುಗಳು ರೋಗಿಗೆ ಒಂದು ಹಲ್ಲಿನ ಬೆಲೆ ಮಾತ್ರ ಹೇಳುತ್ತಾರೆ, ಇಡೀ ಬಾಯಿಯದು ಎಂದೂ ಹೇಳುವುದಿಲ್ಲ. ಅದೇ ಕ್ರಮದಲ್ಲಿ ಅವನು ಮೊದಲ ಪಾರ್ಸೆಲ್ ಬಂದಾಗ ನಡುದೇಹದ ಬೆಲೆ ಹೇಳಿದ. ತೂಕದಮ್ಮ ಹುಬ್ಬೇರಿಸಿದಳು. ಎರಡನೆಯದರಲ್ಲಿ ರೆಕ್ಕೆ ಬಂತು. ರೆಕ್ಕೆ ಬೇರೆಯಾ ಎಂದು ಅವಳು ಕೇಳಿದಳು. ಬೇರೆ ಎಂದ. ಅದೂ ಮೂರು ತುಂಡು, ಎಡ, ಬಲ, ನಡು, ಒಂದೊಂದಕ್ಕೂ ಒಂದೊಂದು ಬೆಲೆ. ಮೂರನೆಯದರಲ್ಲಿ ಬಾಲ, ಮತ್ತೆ ರೆಕ್ಕೆಯ ಅಂಚು ಆಡಿಸುವ ಏಳು ಪುಟಾಣಿ ಮೋಟಾರು. ಅವುಗಳಲ್ಲಿ ಒಂದೊಂದೂ ಅವಳ ಕೈಗಡಿಯಾರಕ್ಕಿಂತ ಚಿಕ್ಕದು, ಆದರೆ ಬೆಲೆಯಲ್ಲಿ ಚಿಕ್ಕದಲ್ಲ.

ಲಾರಿಯೊಂದು ಮೂರು ಸುತ್ತಿನಲ್ಲಿ ಮಾಲು ಸಾಗಿಸಿದರೆ ಒಟ್ಟು ಎಷ್ಟಾಯಿತೆಂದು ಕೂಡಿಸುವುದು ತೂಕದಮ್ಮನಿಗೆ ಹೇಳಿಕೊಡಬೇಕಾದ ಲೆಕ್ಕವಲ್ಲ. ತೂಕದ ಚೀಟಿಯೊಂದರ ಹಿಂದೆ ಮೂರು ಪಾರ್ಸೆಲ್ಲನ್ನೂ ಕೂಡಿಸಿದಳು. ಒಂದು ಹೊಸ ಸ್ಕೂಟರು, ಅದರ ಮೇಲೊಂದು ದೊಡ್ಡ ಫ್ರಿಜ್ಜು, ಅದಕ್ಕೂ ಮಿಕ್ಕಿ ಒಂದಿಷ್ಟು ಆಯಿತು. ಆಮೇಲೆ ಸಾವಕಾಶವಾಗಿ ಎದ್ದು ಬಚ್ಚಲ ಪಕ್ಕದ ತೂಕದ ಯಂತ್ರ ತಂದು ನಡುಮನೆಯಲ್ಲಿ ಇಟ್ಟಳು.

"ಇಡಿ ಇದರ ಮೇಲೆ," ಅಂದಳು.

ಇಟ್ಟ. ಒಂದೂಮುಕ್ಕಾಲು ಕೆಜಿ. ಅವಳು ಭಾಗಿಸಿ ನೋಡಿ, ಗ್ರಾಮಿನ ಲೆಕ್ಕದಲ್ಲಿ ಬೆಳ್ಳಿಯೇ ಅಗ್ಗ ಎಂದು ತೀರ್ಪು ಕೊಟ್ಟಳು. ದಂತಶಿಲ್ಪಿಗೆ ಅದರಲ್ಲಿ ನಿಂದೆ ಕೇಳಿಸಲಿಲ್ಲ, ಹೊಗಳಿಕೆಯೇ ಕೇಳಿಸಿತು.

"ಅದೇ ಇದರ ವಿಶೇಷ ಕಣೇ. ತೂಕ ಇಳಿಸ್ತಾ ಹೋದ ಹಾಗೆ ಬೆಲೆ ಏರ್ತಾ ಹೋಗುತ್ತೆ."

"ಹಾಗಾದ್ರೆ ಇನ್ನೊಂದಿಷ್ಟು ದುಡ್ಡು ಕಳಿಸಿದ್ರೆ ಖಾಲಿ ಪೆಟ್ಟಿಗೆ ಕಳಿಸ್ತಿದ್ರೇನೋ."

ದಂತಶಿಲ್ಪಿ ವಿಮಾನವನ್ನು ಯಂತ್ರದಿಂದ ಮೆಲ್ಲಗೆ ಎತ್ತಿಕೊಂಡ. (ತಯಾರಕರ ಪಟ್ಟಿಯಲ್ಲಿ ಇನ್ನೂ ಇನ್ನೂರು ಗ್ರಾಮು ಹಗುರಾದ, ಇನ್ನೂ ದುಬಾರಿಯಾದ ಒಂದು ಮಾದರಿ ನಿಜಕ್ಕೂ ಇತ್ತು ಎನ್ನುವುದನ್ನು ಅವನು ಆಗ ಹೇಳದಿದ್ದದ್ದು ಅವನ ಬದುಕಿನ ಕೆಲವೇ ಜಾಣ ನಿರ್ಧಾರಗಳಲ್ಲಿ ಒಂದು.)

ತೂಕದಮ್ಮ ಕೂಗಾಡಲಿಲ್ಲ. ಅವಳು ಕೂಗಾಡುವವಳಲ್ಲ, ತೂಗಿ ಚೀಟಿ ಹರಿದು ಕೊಡುವವಳು. ಹಾರುವ ವಸ್ತುವಾದರೆ ಇದು ನಿಮ್ಮದು, ನಾನು ಮುಟ್ಟುವುದಿಲ್ಲ ಅಂದಳು. ಆದರೆ ಭಾನುವಾರ ಭಾನುವಾರ ಹಾರಬೇಕು. ಹಾರದೆ ಮನೆಯಲ್ಲಿ ಬಿದ್ದಿದ್ದರೆ ಅದು ಮನೆಯ ಸಾಮಾನು, ಮನೆಯ ಸಾಮಾನು ತನ್ನ ಅಧಿಕಾರಕ್ಕೆ ಬರುತ್ತದೆ, ತಿಂಗಳು ನೋಡಿ ಮಾರುತ್ತೇನೆ, ಮಾರಿ ಸೋಫಾ ತರುತ್ತೇನೆ. ಷರತ್ತು ನ್ಯಾಯವಾಗಿಯೇ ಇತ್ತು. ಹಾರಿಸುವುದಕ್ಕೇ ಕೊಂಡವನಿಗೆ ಹಾರಿಸು ಎಂದರೆ ಕಷ್ಟವೇನು ಎಂದು ದಂತಶಿಲ್ಪಿ ಖುಷಿಯಿಂದಲೇ ಒಪ್ಪಿಕೊಂಡ.

ಕಷ್ಟ ಏನೆಂದು ಮೊದಲ ಭಾನುವಾರ ಬೆಟ್ಟದ ನೆತ್ತಿಯಲ್ಲಿ ಗೊತ್ತಾಯಿತು. ಅಲ್ಲಿ ಏಳೆಂಟು ಜನ ಹವ್ಯಾಸಿಗಳು ಸೇರುತ್ತಾರೆ. ಎಲ್ಲರಿಗೂ ಹಿರಿಯ ಗಾಳಿಮಾವ, ಟೈಪ್‌ರೈಟರ್ ರಿಪೇರಿ ಮಾಡಿ ನಿವೃತ್ತನಾದವನು, ಕೆನ್ನೆ ತಿರುಗಿಸಿ ನಿಂತರೆ ಸಾಕು ಗಾಳಿಯ ದಿಕ್ಕು, ವೇಗ ಎಲ್ಲ ಹೇಳಬಲ್ಲ. ದಂತಶಿಲ್ಪಿ ಬಿಳಿ ಬಟ್ಟೆ ಹಾಸಿ, ವಿಮಾನ ಜೋಡಿಸಿ, ಹತ್ತಿಯಿಂದ ಒರೆಸಿ ನಿಲ್ಲಿಸಿದ. ಎಲ್ಲರೂ ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿದರು. ಅದೇ ಹೊತ್ತಿಗೆ ಅವರಲ್ಲೊಬ್ಬನಾದ ಬೇಕರಿಯವನ ಥರ್ಮೋಕೋಲ್ ವಿಮಾನ ತಲೆಕೆಳಗಾಗಿ ಬಂದು ಬಂಡೆಗೆ ಬಡಿಯಿತು. ಬೇಕರಿಯವನು ಹಲ್ಲು ಕಿರಿಯುತ್ತಾ ಹೋಗಿ, ಮೂತಿ ಕಿತ್ತು ಬಂದದ್ದಕ್ಕೆ ಟೇಪು ಸುತ್ತಿ, ಐದು ನಿಮಿಷದಲ್ಲಿ ಮತ್ತೆ ಎಸೆದ. ದಂತಶಿಲ್ಪಿಯ ಕಣ್ಣು ಬಂಡೆಯಿಂದ ತನ್ನ ವಿಮಾನಕ್ಕೂ, ವಿಮಾನದಿಂದ ಬಂಡೆಗೂ ಓಡಾಡಿತು. ಸ್ಕೂಟರು, ಫ್ರಿಜ್ಜು ಎರಡನ್ನೂ ಒಟ್ಟಿಗೆ ಬೆಟ್ಟದಿಂದ ತಳ್ಳುವುದಕ್ಕೆ ತಾನು ಬಂದಿದ್ದೇನೆಂದು ಅವನಿಗೆ ಆಗ ಹೊಳೆಯಿತು. ಗಾಳಿ ಸ್ವಲ್ಪ ಜೋರಾಯಿತೇನೋ ಎಂದು ಗಾಳಿಮಾವನನ್ನು ಕೇಳಿದ. ಇಲ್ಲವಲ್ಲ ಎಂದ ಗಾಳಿಮಾವ. ಆದರೂ ಜೋರಾಗಿದೆ ಎಂದು ತಾನೇ ತೀರ್ಮಾನಿಸಿ ದಂತಶಿಲ್ಪಿ ವಿಮಾನ ಬಿಚ್ಚಿ ಚೀಲಕ್ಕೆ ಹಾಕಿದ.

ಮುಂದಿನ ಭಾನುವಾರ ಗಾಳಿ ಸಾಲದಾಯಿತು. ಅದರ ಮುಂದಿನ ವಾರ ಗಾಳಿ ಸಾಕಷ್ಟಿತ್ತು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹಾರಿಸಿದರೆ ಒಡೆಯುತ್ತದೆ, ಹಾರಿಸದಿದ್ದರೆ ಸೋಫಾ ಆಗುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡ ಮನುಷ್ಯ ಮಾಡುವುದನ್ನೇ ಅವನೂ ಮಾಡಿದ, ಅಂದರೆ ಸುಳ್ಳು ಹೇಳಿದ. ಮಧ್ಯಾಹ್ನ ಮನೆಗೆ ಬಂದು ಕೈಕಾಲು ತೊಳೆದು, ಇವತ್ತು ನಲವತ್ತು ನಿಮಿಷ ನಭೋಮಂಡಲದಲ್ಲಿ ವಿಹರಿಸಿತು, ಹದ್ದೊಂದು ಪಕ್ಕದಲ್ಲೇ ಬಂದು ನಾಚಿ ಹಿಂದಿರುಗಿತು ಎಂದು ವರ್ಣಿಸತೊಡಗಿದ. ತೂಕದಮ್ಮ ಬಟ್ಟೆ ಮಡಚುತ್ತಾ ಹೂಂಗುಟ್ಟುತ್ತಿದ್ದಳು. ಸುಳ್ಳು ಎಷ್ಟು ಚೆನ್ನಾಗಿ ಬಂತೆಂದರೆ ಅವನಿಗೇ ಅರ್ಧ ನಂಬಿಕೆ ಹುಟ್ಟಿತು.

ಆದರೆ ಅವನು ಸೂಕ್ಷ್ಮ ಕೆಲಸದವನು, ಪರಿಪೂರ್ಣತೆಯ ಪಿತ್ತ ಇದ್ದವನು. ಹುಲ್ಲಿನ ಮೇಲೆ ಇಳಿಯುವ ವಿಮಾನದ ಹೊಟ್ಟೆಗೆ ಹುಲ್ಲಿನ ಕಲೆ ಆಗಲೇಬೇಕು, ತನ್ನದು ಮೂರು ವಾರದಿಂದ ತಾನು ಮಾಡಿದ ಹಲ್ಲಿಗಿಂತ ಬೆಳ್ಳಗಿದೆ ಎಂದು ಅವನಿಗೆ ಚಿಂತೆ ಹತ್ತಿತು. ನಾಲ್ಕನೆಯ ಭಾನುವಾರ ಮನೆಗೆ ಬರುವ ದಾರಿಯಲ್ಲಿ ತನ್ನ ಕೆಲಸದ ಕೋಣೆಯ ಹಿಂದೆ, ನಲ್ಲಿಯ ನೀರು ಹರಿದು ಬೆಳೆದ ಎಳೆ ಹುಲ್ಲನ್ನು ಕಿತ್ತ. ಅದನ್ನು ಹತ್ತಿಯಲ್ಲಿ ಸುತ್ತಿ, ಹಲ್ಲಿಗೆ ಬಣ್ಣ ಹಚ್ಚುವಷ್ಟೇ ನಾಜೂಕಾಗಿ, ಮುಂದೆ ಗಾಢ, ಹಿಂದೆ ತೆಳು, ಹೀಗೆ ಹೊಟ್ಟೆಗೆ ಬಳಿದ. ನೋಡಿದರೆ ಹತ್ತು ಸಲ ಇಳಿದ ವಿಮಾನದ ಹಾಗೇ ಇತ್ತು. ಅದನ್ನು ತಂದು ಹೆಂಡತಿಗೆ ಕಾಣುವಂತೆ ಹೊಟ್ಟೆ ಮೇಲು ಮಾಡಿ ನಡುಮನೆಯಲ್ಲಿ ಇಟ್ಟ.

ತೂಕದಮ್ಮ ಬಗ್ಗಿ ನೋಡಿದಳು. ಬೆರಳಿನಿಂದ ಒರೆಸಿ ಮೂಸಿದಳು.

"ಬೆಟ್ಟದ ಹುಲ್ಲು ಒಣಗಿ ಎರಡು ತಿಂಗಳಾಯ್ತು. ನನ್ನ ಕಿಟಕಿಯಿಂದ ದಿನಾ ನೋಡ್ತೀನಿ," ಅಂದಳು. "ಇದು ಹಸಿ ಹುಲ್ಲು. ಎಲ್ಲಿಂದ ತಂದ್ರಿ?"

ನೀರು ಹೊಯ್ದ ಮರಳಿನ ಲಾರಿಗಳ ಮಾಲೀಕರು ಆ ಗಾಜಿನ ಗೂಡಿನ ಮುಂದೆ ಹೇಗೆ ನಿಲ್ಲುತ್ತಾರೋ ದಂತಶಿಲ್ಪಿಯೂ ಹಾಗೇ ನಿಂತ. ಎಲ್ಲ ಒಪ್ಪಿಕೊಂಡ. ಹೆದರಿಕೆ ಎನ್ನುವ ಮಾತನ್ನು ಮಾತ್ರ ಒಪ್ಪದೆ ಮುನ್ನೆಚ್ಚರಿಕೆ ಎಂದ. ತೂಕದಮ್ಮ ಬೆರಳಿನ ಹಸಿರನ್ನು ಒರೆಸಿಕೊಂಡಳು. ತಿಂಗಳು ಮುಗಿಯಲು ಇನ್ನೊಂದು ಭಾನುವಾರ ಇದೆ, ನಾನೂ ಬರುತ್ತೇನೆ ಅಂದಳು. ಅವಳಿಗೆ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು. ಸೋಫಾ ಹೋದದ್ದಕ್ಕಲ್ಲ, ಇಷ್ಟು ದುಡ್ಡು ಸುರಿದೂ ಮನುಷ್ಯನಿಗೆ ಸುಖವಿಲ್ಲವಲ್ಲ ಎಂದು.

ಆ ಭಾನುವಾರ ಗಾಳಿಗೆ ಯಾವ ದೋಷವೂ ಇರಲಿಲ್ಲ. ಬಿಸಿಲು ಬೆನ್ನ ಹಿಂದಿತ್ತು. ಗಾಳಿಮಾವ ಕೆನ್ನೆ ತಿರುಗಿಸಿ ನಿಂತು, ವರ್ಷಕ್ಕೊಂದು ದಿನ ಇಂಥದು ಬರುತ್ತದೆ ಅಂದ. ದಂತಶಿಲ್ಪಿ ಅವನನ್ನು ಆ ಕ್ಷಣ ಮನಸಾರೆ ದ್ವೇಷಿಸಿದ. ಜೋಡಿಸಿದ, ಒರೆಸಿದ, ಮತ್ತೆ ಒರೆಸಿದ. ಇನ್ನು ಒರೆಸಿದರೆ ತೂಕ ಕಡಿಮೆಯಾಗಿ ಬೆಲೆ ಏರೀತು ಎಂದು ತೂಕದಮ್ಮ ಬಂಡೆಯ ಮೇಲೆ ಕೂತಲ್ಲಿಂದಲೇ ನೆನಪಿಸಿದಳು. ಒಂಬತ್ತೂವರೆಗೆ ಗಾಳಿಮಾವ ವಿಮಾನವನ್ನು ತಲೆಯ ಮೇಲೆ ಎತ್ತಿ, ನಾಲ್ಕು ಹೆಜ್ಜೆ ಓಡಿ, ಬೆಟ್ಟದಂಚಿನಿಂದ ಎಸೆದ.

ವಿಮಾನ ಹಾರಿತು. ಹಾರಿತು ಎಂದರೆ ಸಾಲದು. ಒಂದು ಸದ್ದಿಲ್ಲದೆ, ಒಂದು ಅಲುಗಾಟವಿಲ್ಲದೆ ಗಾಳಿಯ ಮೇಲೆ ಎದ್ದು ನಿಂತು, ಮೈ ಓರೆ ಮಾಡಿ ತಿರುಗಿದಾಗ ರೆಕ್ಕೆಗೆ ಬಿಸಿಲು ತಾಕಿ ಹೊಳೆಯಿತು. ಬೇಕರಿಯವನು ತನ್ನದನ್ನು ಕೆಳಗಿಟ್ಟು ನೋಡುತ್ತಾ ನಿಂತ. ದಂತಶಿಲ್ಪಿಗೆ ಒಂದೂವರೆ ವರ್ಷ ಕಾಯ್ದದ್ದು, ಸುಳ್ಳು ಹೇಳಿದ್ದು, ಹುಲ್ಲು ಬಳಿದದ್ದು, ಎಲ್ಲಕ್ಕೂ ಅರ್ಥವಿದೆ ಎನಿಸಿತು. ಹೀಗೆ ಅರ್ಧ ಗಂಟೆ ಕಳೆಯಿತು.

ಒಂದು ಗಂಟೆಯೂ ಕಳೆಯಿತು. ಇನ್ನು ಇಳಿಸಬಹುದಲ್ಲ ಎಂದ ಗಾಳಿಮಾವ. ಇನ್ನೊಂದು ಸುತ್ತು ಎಂದ ದಂತಶಿಲ್ಪಿ. ಹನ್ನೊಂದಕ್ಕೂ ಇನ್ನೊಂದು ಸುತ್ತು, ಹನ್ನೊಂದೂವರೆಗೂ ಇನ್ನೊಂದು ಸುತ್ತು. ಉಳಿದವರ ವಿಮಾನಗಳು ಇಳಿದವು, ಡಬ್ಬಿಗಳು ತೆರೆದವು, ಊಟ ಮುಗಿಯಿತು. ತೂಕದಮ್ಮ ಒಂದು ರೊಟ್ಟಿಯ ಚೂರನ್ನು ಅವನ ಬಾಯಿಗೆ ಇಟ್ಟಳು. ಅವನು ಆಕಾಶದಿಂದ ಕಣ್ಣು ತೆಗೆಯದೆ ಅಗಿದ. ಆಗ ಅವಳಿಗೆ ವಿಷಯ ತಿಳಿಯಿತು. ಹಾರಿಸುವುದಕ್ಕಿಂತ ಅವನಿಗೆ ಇಳಿಸುವುದು ದೊಡ್ಡ ಭಯ. ಹಾರುವಷ್ಟು ಹೊತ್ತು ಅದು ಗಾಳಿಯ ಜವಾಬ್ದಾರಿ, ನೆಲಕ್ಕೆ ತರುವುದು ಮಾತ್ರ ಅವನ ಜವಾಬ್ದಾರಿ. ಅಷ್ಟು ದುಡ್ಡು ಕೊಟ್ಟದ್ದು ಅದು ಕೆಳಗೆ ಬೀಳದಿರಲಿ ಎಂದೇ ತಾನೆ, ಅದು ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿತ್ತು.

ಹನ್ನೆರಡು ಗಂಟೆಗೆ ಅವನ ಕೈಯ ಪೆಟ್ಟಿಗೆ ಕುಂಯ್ ಕುಂಯ್ ಎಂದಿತು. ವಿಮಾನದೊಳಗಿನ ಬ್ಯಾಟರಿ ಮುಗಿಯುತ್ತಿದೆ, ಇನ್ನು ಹತ್ತು ನಿಮಿಷ, ಆಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ ಎಂದು ಗಾಳಿಮಾವ ತೂಕದಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳಿದ. ದಂತಶಿಲ್ಪಿ ವಿಮಾನವನ್ನು ಬೆಟ್ಟದ ಕಡೆ ತಿರುಗಿಸಿದ. ತಿರುಗಿಸಿದ ಕೂಡಲೆ ತೊಂದರೆ ಶುರುವಾಯಿತು. ನಮ್ಮಿಂದ ದೂರ ಹೋಗುವಾಗ ವಿಮಾನದ ಎಡ ನಮ್ಮ ಎಡವೇ. ನಮ್ಮ ಕಡೆಗೆ ಬರುವಾಗ ಅದರ ಎಡ ನಮ್ಮ ಬಲ. ಕಲಿತವರಿಗೂ ಗಡಿಬಿಡಿಯಲ್ಲಿ ಇದು ತಪ್ಪುತ್ತದೆ. ಅವನು ಎಡ ಎಂದುಕೊಂಡು ಬಲಕ್ಕೆ ತಿರುಗಿಸಿದ, ಸರಿಮಾಡಲು ಹೋಗಿ ಇನ್ನಷ್ಟು ಬಲಕ್ಕೆ ತಿರುಗಿಸಿದ. ವಿಮಾನ ಬಂಡೆಯ ಕಡೆ ವಾಲಿತು. "ನನ್ನ ಕೈಲಾಗಲ್ಲ ಕಣೇ," ಅಂದ. ಹದಿನಾಲ್ಕು ವರ್ಷದಲ್ಲಿ ಅವನು ಅಷ್ಟು ನಿಜವಾದ ಮಾತು ಆಡಿರಲಿಲ್ಲ.

ತೂಕದಮ್ಮ ಬಂಡೆಯಿಂದಿಳಿದು ಅವನ ಪಕ್ಕದಲ್ಲಿ ನಿಂತಳು. ಎದುರಿನಿಂದ ಮುಖ ಮಾಡಿ ಬರುವ ವಾಹನ, ಅದರೊಳಗೆ ದಾರಿ ಕಾಣದ ಚಾಲಕ. ಇದು ಅವಳು ದಿನಕ್ಕೆ ಎಂಬತ್ತು ಸಲ ನೋಡುವ ದೃಶ್ಯ. ತನ್ನ ಎಡಬಲ ಮರೆತು ಲಾರಿಯ ಎಡಬಲದಲ್ಲಿ ಮಾತಾಡುವುದು ಅವಳಿಗೆ ಉಸಿರಾಟದಷ್ಟು ಸಲೀಸು.

"ನೀವು ಒಳಗೆ ಕೂತಿದೀರಿ ಅಂದ್ಕೊಳ್ಳಿ," ಅಂದಳು ಮೈಕಿನ ದನಿಯಲ್ಲಿ. "ಎಡಕ್ಕೆ ಬಾ. ಇನ್ನೂ ಎಡಕ್ಕೆ. ಸಾಕು. ನೇರ ಮಾಡು. ಅವಸರ ಬೇಡ, ಹಿಂದೆ ಯಾರೂ ಇಲ್ಲ. ಬಾ, ಬಾ, ಬಾ. ಸ್ವಲ್ಪ ಬಲ. ಬ್ರೇಕು."

ಕೆಲಸದ ಮಾತು ಬಂದಾಗ ಅವಳು ಗಂಡನನ್ನೂ ಏಕವಚನದಲ್ಲಿ ಕರೆದಳು, ಅವನೂ ಮರುಮಾತಿಲ್ಲದೆ ಕೇಳಿದ. ರೆಕ್ಕೆಯ ಹಿಂದಿನ ಅಂಚುಗಳು ಕೆಳಗೆ ಬಾಗಿದವು. ವಿಮಾನ ಬಂಡೆ ದಾಟಿ, ಬೇಕರಿಯವನ ತಲೆಯ ಮೇಲಿಂದ ಬಂದು, ಒಣಹುಲ್ಲಿನ ಮೇಲೆ ಸರ್ರನೆ ಜಾರಿ ಅವಳ ಚಪ್ಪಲಿಯಿಂದ ಒಂದು ಗೇಣು ದೂರ ನಿಂತಿತು. "ಇಂಜಿನ್ ಆಫ್," ಅಂದಳು ಅಭ್ಯಾಸಬಲದಿಂದ.

ಬೆಟ್ಟದ ಹವ್ಯಾಸಿಗಳದು ಒಂದು ಪದ್ಧತಿ. ಹೊಸ ವಿಮಾನದ ಮೊದಲ ಹಾರಾಟ ಮುಗಿಸಿ ಸುರಕ್ಷಿತವಾಗಿ ಇಳಿಸಿದವರಿಗೆ ಗಾಳಿಮಾವ ತನ್ನ ಮಡಚುವ ಕುರ್ಚಿ ಬಿಟ್ಟುಕೊಡುತ್ತಾನೆ. ಇಡೀ ಬೆಟ್ಟಕ್ಕೆ ಇರುವುದು ಅದೊಂದೇ ಕುರ್ಚಿ. ದಂತಶಿಲ್ಪಿ ಬೆವರು ಒರೆಸಿಕೊಂಡು, ಅಂಗಿ ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದ. ಗಾಳಿಮಾವ ಕುರ್ಚಿ ಬಿಡಿಸಿ, ಧೂಳು ಹೊಡೆದು, ತೂಕದಮ್ಮನ ಮುಂದೆ ಇಟ್ಟ. ಯಾರೂ ನಗಲಿಲ್ಲ. ಅವನಿಗೆ ಅದೇ ಹೆಚ್ಚು ನೋವಾಯಿತು.

ಮನೆಗೆ ಬರುವ ದಾರಿಯಲ್ಲಿ ಅವಳು ತೀರ್ಪು ಹೇಳಿದಳು. ವಿಮಾನ ಹಾರುತ್ತದೆ, ಆದ್ದರಿಂದ ಮಾರುವುದಿಲ್ಲ. ಇನ್ನು ಪ್ರತಿ ಭಾನುವಾರ ಹಾರಬೇಕೆಂದೇ ತಾನೆ ಷರತ್ತು, ಅದನ್ನು ಯಾರು ಹಾರಿಸಬೇಕೆಂದು ಷರತ್ತಿನಲ್ಲಿ ಇರಲಿಲ್ಲವಲ್ಲ. ದಂತಶಿಲ್ಪಿ ಷರತ್ತಿನ ಮಾತುಗಳನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ಓದಿಕೊಂಡ. ಇರಲಿಲ್ಲ. ಮೂರು ಭಾನುವಾರ ಅವಳು ಬೇಕರಿಯವನ ಟೇಪು ಸುತ್ತಿದ ವಿಮಾನದಲ್ಲಿ ಗಾಳಿಮಾವನ ಕೈಕೆಳಗೆ ಕಲಿತಳು, ಬೀಳಿಸಿದಳು, ನಕ್ಕಳು, ಮತ್ತೆ ಎಸೆಯಿಸಿದಳು. ನಾಲ್ಕನೆಯ ಭಾನುವಾರ ಬೆಳಿಗ್ಗೆ ದಂತಶಿಲ್ಪಿ ಹೊರಗೆ ಬರುವಷ್ಟರಲ್ಲಿ ವಿಮಾನದ ಚೀಲಗಳು ಕಾರಿನಲ್ಲಿದ್ದವು. ಅಂಚಿನ ಟೋಪಿ ಹಾಕಿಕೊಂಡು ಅವಳು ಮುಂದಿನ ಸೀಟಿನಲ್ಲಿದ್ದಳು. ಎಸೆಯೋಕೆ ಒಬ್ಬರು ಬೇಕು, ಬನ್ನಿ ಅಂದಳು.

ಎಸೆದ. ಕಾಲು ಗಂಟೆ ಅವನಿಗೆ ಅವಮಾನವೇ ಆಯಿತು, ಮುಚ್ಚಿಡುವುದೇನು. ಆಮೇಲೆ ಇಳಿಸುವ ಚಿಂತೆ ತನ್ನದಲ್ಲ ಎಂಬುದು ಗಮನಕ್ಕೆ ಬಂತು. ಒಣಹುಲ್ಲಿನ ಮೇಲೆ ಅಂಗಾತ ಮಲಗಿ ತನ್ನ ವಿಮಾನವನ್ನು ಮೊದಲ ಸಲ ನೆಟ್ಟಗೆ ನೋಡಿದ. ಅದರ ಚೆಲುವಿನ ಬಗ್ಗೆ ಅವನು ಊರಿಗೆಲ್ಲ ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ.

ಅವತ್ತು ಬೆಟ್ಟ ನೋಡಲು ಬಂದಿದ್ದ ಅಪರಿಚಿತನೊಬ್ಬ ತೂಕದಮ್ಮನ ಪಕ್ಕ ನಿಂತು ಬೆಲೆ ವಿಚಾರಿಸಿದ. ಅವಳು ಆಕಾಶದಿಂದ ಕಣ್ಣು ಕೀಳದೆ, ಪೂರ್ತಿ ಬೆಲೆಯನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಆತನೂ ಬಾಯಿ ಬಿಟ್ಟ. ಕಡೆಗೆ, ಅಷ್ಟು ದುಡ್ಡು ಕೊಟ್ಟು ಕೊಂಡವರು ಯಾರಮ್ಮ ಎಂದು ಕೇಳಿದ. ಹುಲ್ಲಿನ ಮೇಲೆ ಮಲಗಿದ್ದವನ ಕಡೆ ಅವಳು ಗಲ್ಲದಿಂದ ತೋರಿಸಿದಳು.

"ಅವರಿಗೆ ಹಾರಿಸೋಕೆ ಬರುತ್ತಾ?"

"ಎಸೀತಾರೆ," ಅಂದಳು ತೂಕದಮ್ಮ. ಸ್ವಲ್ಪ ಯೋಚಿಸಿ, ನ್ಯಾಯವಾಗಿ ತೂಗಿ, "ಚೆನ್ನಾಗಿ ಎಸೀತಾರೆ," ಎಂದೂ ಸೇರಿಸಿದಳು.

ಅಪರಿಚಿತ ದಂತಶಿಲ್ಪಿಯ ಕಡೆ ಮರುಕದಿಂದ ನೋಡಿದ. ದಂತಶಿಲ್ಪಿಗೆ ಅದು ಕಾಣಲಿಲ್ಲ. ಮದುವೆಯಾದ ಮೇಲೆ ಅವಳು ಪರರ ಮುಂದೆ ತನ್ನನ್ನು ಹೊಗಳಿದ್ದು ಇದೇ ಮೊದಲು ಎಂದು ಅವನು ಎದ್ದು ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡು, ಮುಂದಿನ ಸಲ ಇನ್ನೂ ಎರಡು ಹೆಜ್ಜೆ ಹೆಚ್ಚಿಗೆ ಓಡಿ ಎಸೆಯಬೇಕೆಂದು ನಿರ್ಧರಿಸಿದ.